ಬಿಜ್ಜಳ: ವಿಚಾರಣೆ ಕಾಣದ ಒಂದು ಸಾವು

ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಕಳಚುರಿ ಬಿಜ್ಜಳನ ಪರಿಚಯವಾಗುವುದು ಬಸವಣ್ಣನ ಮೂಲಕ. ವಚನ ಸಾಹಿತ್ಯದ ಪಾಠದಲ್ಲಿ ಆತನೊಬ್ಬ ಹಿನ್ನೆಲೆಯ ವ್ಯಕ್ತಿ. ಬಸವಣ್ಣನಿಗೆ ಭಂಡಾರದ ಹೊಣೆಯನ್ನು ಕೊಟ್ಟ ದೊರೆ, ಹರಳಯ್ಯ ಮಧುವರಸರಿಗೆ ಘೋರ ಶಿಕ್ಷೆ ವಿಧಿಸಿದ ದೊರೆ, ಕೊನೆಗೆ ಕೊಲೆಯಾದ ದೊರೆ. ಈ ಮೂರು ಮಾತುಗಳಲ್ಲಿ ಆತನ ಕಥೆ ಮುಗಿಯುತ್ತದೆ. ಆದರೆ ಮೂರನೆಯ ಮಾತಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ದಕ್ಷಿಣಾಪಥದ ಚಕ್ರವರ್ತಿಯೊಬ್ಬನು ತನ್ನ ರಾಜಧಾನಿಯಲ್ಲಿಯೇ ಕೊಲೆಗೀಡಾದನೆಂದು ಪರಂಪರೆ ಸಾರಿ ಹೇಳುತ್ತಿರುವಾಗ, ಅವನ ನಂತರ ಸಿಂಹಾಸನವೇರಿದ ಮಕ್ಕಳು ಆ ಸಂಗತಿಯನ್ನು ಕುರಿತು ಒಂದು ಸಾಲನ್ನೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಒಂದು ದೇವಾಲಯದ ದೀಪಕ್ಕೆ ಬಿಟ್ಟ ಎಣ್ಣೆಯ ಅಳತೆಯನ್ನೂ ತಪ್ಪದೆ ದಾಖಲಿಸುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಅರಸನ ಸಾವು ಏಕೆ ದಾಖಲಾಗಲಿಲ್ಲ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬಿಜ್ಜಳನ ಜೀವನವನ್ನು ಆರಂಭದಿಂದ ನೋಡುವುದು ಉಚಿತ.

ಕಳಚುರಿಗಳು ಮೂಲತಃ ಕನ್ನಡ ನಾಡಿನವರಲ್ಲ. ತಾವು ಉತ್ತರದ ಕಾಲಂಜರ ಪಟ್ಟಣದ ಒಡೆಯರ ವಂಶದವರೆಂದು ಅವರ ಬಿರುದುಗಳು ಹೇಳಿಕೊಳ್ಳುತ್ತವೆ. ಸುವರ್ಣವೃಷಭ ಧ್ವಜ ಅವರ ಲಾಂಛನ. ದಕ್ಷಿಣಕ್ಕೆ ಬಂದು ನೆಲೆಸಿದ ಈ ಮನೆತನ ಕಲ್ಯಾಣದ ಚಾಲುಕ್ಯರ ಸಾಮಂತ ಪದವಿಯನ್ನು ಪಡೆದು, ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿರುವ ಮಂಗಳವಾಡವನ್ನು ತನ್ನ ನೆಲೆಯಾಗಿಸಿಕೊಂಡಿತು. ಜೋಗಮ ಬಿಜ್ಜಳನ ಅಜ್ಜ, ಪೆರ್ಮಾಡಿ ಅವನ ತಂದೆ. ಇವರು ಆರನೆಯ ವಿಕ್ರಮಾದಿತ್ಯನಂಥ ಪ್ರಬಲ ಚಕ್ರವರ್ತಿಯ ನೆರಳಿನಲ್ಲಿ ಬಾಳಿದವರು. ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ. ಅವನ ಕಾಲದಲ್ಲಿ ಸಾಮಂತನೊಬ್ಬ ತಲೆಯೆತ್ತುವುದು ಸುಲಭದ ಮಾತಾಗಿರಲಿಲ್ಲ. ಆದುದರಿಂದ ಬಿಜ್ಜಳನ ಹಿರಿಯರು ಕಾದರು. ಕಾಯುತ್ತಲೇ ಸಂಬಂಧಗಳನ್ನೂ ಸೇನೆಯನ್ನೂ ಬೆಳೆಸಿದರು.

ಬಿಜ್ಜಳ ಅಧಿಕಾರಕ್ಕೆ ಬರುವ ಹೊತ್ತಿಗೆ ಆ ಮಹಾವೃಕ್ಷ ಉರುಳಿ, ಅದರ ಬೇರುಗಳೂ ಸಡಿಲಗೊಳ್ಳುತ್ತಿದ್ದವು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ವಿದ್ವಾಂಸ, ಮಾನಸೋಲ್ಲಾಸವನ್ನು ರಚಿಸಿದವನು. ಅವನ ನಂತರ ಎರಡನೆಯ ಜಗದೇಕಮಲ್ಲ, ತದನಂತರ ಮೂರನೆಯ ತೈಲಪ. ಒಬ್ಬರಿಗಿಂತ ಒಬ್ಬರ ಕಾಲದಲ್ಲಿ ಕೇಂದ್ರದ ಹಿಡಿತ ತಗ್ಗುತ್ತ ಹೋಯಿತು. ದಕ್ಷಿಣದಲ್ಲಿ ಹೊಯ್ಸಳರು, ಪೂರ್ವದಲ್ಲಿ ಕಾಕತೀಯರು, ಉತ್ತರದಲ್ಲಿ ಸೇವುಣರು ಬಲಿಯತೊಡಗಿದರು. ಕಾಕತೀಯ ಪ್ರೋಲನು ತೈಲಪನನ್ನು ಸೆರೆಹಿಡಿದು ಬಿಟ್ಟುಕೊಟ್ಟನೆಂದು ಅವನ ಮಗ ರುದ್ರನ 1163ರ ಹನುಮಕೊಂಡ ಶಾಸನ ಹೆಮ್ಮೆಯಿಂದ ಹೇಳುತ್ತದೆ. ಸಾಮಂತನ ಕೈಗೆ ಸಿಕ್ಕಿ ಅವನ ದಯೆಯಿಂದ ಬಿಡುಗಡೆಯಾದ ಚಕ್ರವರ್ತಿಗೆ ಉಳಿದ ಸಾಮಂತರು ಎಷ್ಟು ಕಾಲ ತಲೆಬಾಗಿಯಾರು?

ಇಂಥ ಸಮಯದಲ್ಲಿ ಬಿಜ್ಜಳನು ಮಹಾಮಂಡಲೇಶ್ವರನಾಗಿ ತರ್ದವಾಡಿ ಸಾಸಿರದಂಥ ಮುಖ್ಯ ಪ್ರಾಂತವನ್ನು ಆಳುತ್ತಿದ್ದ. ಇಂದಿನ ವಿಜಯಪುರದ ಸುತ್ತಲಿನ ಈ ನಾಡು ಚಾಲುಕ್ಯ ರಾಜ್ಯದ ಹೃದಯದಂತಿತ್ತು. ಹೊರಗಿನವರು ಗಡಿಯಲ್ಲಿ ಬಡಿದಾಡುತ್ತಿದ್ದರೆ, ಒಡಲೊಳಗಿನ ಅಧಿಕಾರ ಬಿಜ್ಜಳನ ಕೈಯಲ್ಲಿತ್ತು. ಆತ ಅವಸರಪಡಲಿಲ್ಲ. ಒಂದೊಂದೇ ಬಿರುದನ್ನು ತನ್ನ ಹೆಸರಿಗೆ ಸೇರಿಸಿಕೊಳ್ಳುತ್ತ ಬಂದ. 1157ರ ಸುಮಾರಿಗೆ ತನ್ನದೇ ಆಳ್ವಿಕೆಯ ವರ್ಷಗಳನ್ನು ಎಣಿಸತೊಡಗಿದ. ಚಿಕ್ಕಲಗಿಯ ಶಾಸನ ಅವನನ್ನು ಮಹಾಭುಜಬಲ ಚಕ್ರವರ್ತಿಯೆಂದು ಕರೆಯುತ್ತದೆ. 1162ರ ಹೊತ್ತಿಗೆ ತೈಲಪ ಕಲ್ಯಾಣವನ್ನು ಬಿಟ್ಟು ಹೋಗಬೇಕಾಯಿತು. ಬಿಜ್ಜಳ ಅಲ್ಲಿ ಚಕ್ರವರ್ತಿಯಾಗಿ ನೆಲೆನಿಂತ. ಒಡೆಯನ ಸಿಂಹಾಸನದಲ್ಲಿ ಸೇವಕ ಕುಳಿತದ್ದು ಹೀಗೆ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಬಿಜ್ಜಳನ ಸಾವಿನ ನಂತರದ ಮೌನಕ್ಕೆ ಇದೂ ಒಂದು ಕಾರಣವಾಗುತ್ತದೆ.

ಸಿಂಹಾಸನವನ್ನು ಕಸಿದುಕೊಂಡವನೆಲ್ಲ ಕೆಟ್ಟ ಅರಸನೆಂದು ಹೇಳಲಾಗದು. ಬಿಜ್ಜಳನ ಆಡಳಿತದ ಕೆಲವು ಚಿತ್ರಗಳು ಶಾಸನಗಳಲ್ಲಿ ಉಳಿದಿವೆ. ದಕ್ಷಿಣದ ದಂಡಯಾತ್ರೆಯ ಕಾಲದಲ್ಲಿ ಆತ ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿದ್ದ, ಹಸಿದವರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದ ಆ ಮಠಕ್ಕೆ ದತ್ತಿ ಸಂದದ್ದು ಬಿಜ್ಜಳನ ಆಳ್ವಿಕೆಯಲ್ಲಿ. ಜೈನ ಪರಂಪರೆ ಅವನನ್ನು ಜೈನನೆಂದು ಹೇಳಿದರೂ, ಅವನ ಲಾಂಛನವೂ ದಾನಗಳೂ ಶೈವದ ಕಡೆಗೆ ಬೊಟ್ಟು ಮಾಡುತ್ತವೆ. ಎಲ್ಲ ಪಂಥಗಳನ್ನೂ ಸಂಭಾಳಿಸಿಕೊಂಡು ಹೋಗಬೇಕಾದ ಅನಿವಾರ್ಯ ಹೊಸ ಅರಸನಿಗಿತ್ತು ಎಂದು ತಿಳಿಯುವುದೇ ಸಮಂಜಸ.

ಆತ ದೂರುಗಳನ್ನು ಕೇಳುವ ಅರಸನಾಗಿದ್ದ ಎಂಬುದಕ್ಕೆ ಇನ್ನೊಂದು ಮಹತ್ವದ ಆಧಾರವಿದೆ. ಅದು ಸುಮಾರು 1200ರಲ್ಲಿ, ಕದಂಬ ಕಾಮದೇವನ ಕಾಲದಲ್ಲಿ ಬರೆಸಲಾದ ಅಬ್ಬಲೂರಿನ ಶಾಸನ. ಏಕಾಂತದ ರಾಮಯ್ಯನು ಅಬ್ಬಲೂರಿನಲ್ಲಿ ಜೈನರೊಡನೆ ಪಣ ಕಟ್ಟಿ, ತನ್ನ ಶಿರಸ್ಸನ್ನು ಶಿವನಿಗೊಪ್ಪಿಸಿ ಮರಳಿ ಪಡೆದನೆಂದೂ, ಸೋತ ಪಕ್ಷ ಮಾತಿಗೆ ತಪ್ಪಿದಾಗ ಜಿನಬಿಂಬವನ್ನು ಕಿತ್ತೆಸೆದನೆಂದೂ ಅದು ಹೇಳುತ್ತದೆ. ಜೈನರು ಬಿಜ್ಜಳನ ಬಳಿಗೆ ದೂರು ಒಯ್ದರು. ಅರಸನು ರಾಮಯ್ಯನನ್ನು ಕರೆಸಿ ಕೇಳಿದ. ರಾಮಯ್ಯ ಮತ್ತೆ ಪಣಕ್ಕೆ ಸಿದ್ಧನೆಂದ. ಎದುರು ಪಕ್ಷ ಒಪ್ಪಲಿಲ್ಲ. ಬಿಜ್ಜಳನು ರಾಮಯ್ಯನಿಗೆ ಜಯಪತ್ರ ಕೊಟ್ಟು ಆತನ ದೇವಾಲಯಕ್ಕೆ ದತ್ತಿಯನ್ನೂ ಬಿಟ್ಟ. ಪವಾಡದ ಮಾತನ್ನು ನಂಬುವುದೂ ಬಿಡುವುದೂ ಓದುವವರಿಗೆ ಸೇರಿದ್ದು. ನಮಗೆ ಇಲ್ಲಿ ಮುಖ್ಯವಾದುದು ನಡೆದ ಕ್ರಮ: ದೂರು, ಕರೆ, ಎರಡೂ ಕಡೆಯ ಮಾತು, ತೀರ್ಪು, ಪತ್ರ. ಧರ್ಮಗಳ ನಡುವಿನ ಅತಿ ಸೂಕ್ಷ್ಮವಾದ ವ್ಯಾಜ್ಯವನ್ನೂ ಬಿಜ್ಜಳ ವಿಚಾರಣೆಗೆ ತಂದಿದ್ದ.

ಬಸವಣ್ಣನ ವಿಷಯದಲ್ಲಿಯೂ ಪರಂಪರೆ ಇಂಥದ್ದೇ ಒಂದು ಸಂದರ್ಭವನ್ನು ನೆನೆಯುತ್ತದೆ. ಹರಿಹರನ ಬಸವರಾಜದೇವರ ರಗಳೆಯ ಪ್ರಕಾರ, ಬಸವಣ್ಣ ಮಂಗಳವಾಡಕ್ಕೆ ಬಂದು ಅರಮನೆಯ ಗಣಕರ ಸಾಲಿನಲ್ಲಿ ಸೇರಿ, ಸಿದ್ಧದಂಡಾಧಿಪನ ಮೆಚ್ಚುಗೆಗೆ ಪಾತ್ರನಾಗಿ, ಮುಂದೆ ಭಂಡಾರದ ಹೊಣೆಯನ್ನು ಪಡೆದವನು. ಲೆಕ್ಕದ ನಿಖರತೆಯಿಂದ ಮೇಲೆ ಬಂದವನ ಮೇಲೆ ಲೆಕ್ಕದ್ದೇ ಆರೋಪ ಬಂತು. ಬಸವಣ್ಣ ರಾಜಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಆಗದವರು ಅರಸನ ಕಿವಿಯೂದಿದರು. ಬಿಜ್ಜಳ ಲೆಕ್ಕ ಕೇಳಿದ. ಭಂಡಾರವನ್ನು ಎಣಿಸಿದಾಗ ಒಂದು ಹೊನ್ನೂ ಕಡಮೆಯಿರಲಿಲ್ಲ ಎಂಬುದು ಕಥೆ. ಇದನ್ನು ಭಕ್ತಿಯ ಮಹಿಮೆಯೆಂದು ಓದುವವರು ಹಾಗೆ ಓದಲಿ. ಆಡಳಿತದ ದೃಷ್ಟಿಯಿಂದ ಓದಿದರೆ ಇದು ಪ್ರಾಮಾಣಿಕನಾದ ಅಧಿಕಾರಿಯ ಮೇಲಿನ ದೂರು ವಿಚಾರಣೆಯಲ್ಲಿ ಬಿದ್ದುಹೋದ ಪ್ರಸಂಗ. ಈ ಹಂತದವರೆಗೆ ದೊರೆ ಮತ್ತು ಭಂಡಾರಿಯ ನಡುವಿನ ನಂಬಿಕೆಯನ್ನು ಕಾಪಾಡಿದ್ದು ವಿಚಾರಣೆಯೇ.

ಆ ನಂಬಿಕೆ ಮುರಿದದ್ದು ವಿಚಾರಣೆಯಿಲ್ಲದ ಶಿಕ್ಷೆಯಿಂದ. ಕಲ್ಯಾಣದಲ್ಲಿ ಸೇರಿದ ಶರಣರ ಸಮುದಾಯ ಕಾಯಕ ಮತ್ತು ದಾಸೋಹಗಳ ತಳಹದಿಯ ಮೇಲೆ ಹೊಸದೊಂದು ಸಮಾಜವನ್ನು ಕಟ್ಟುತ್ತಿತ್ತು. ಮಡಿವಾಳ, ಅಂಬಿಗ, ಸಮಗಾರ, ಬ್ರಾಹ್ಮಣ ಎಂಬ ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತವರು ಕೊನೆಗೆ ಬೀಗತನದವರೆಗೂ ಬಂದರು. ಬ್ರಾಹ್ಮಣ ಮೂಲದ ಮಧುವರಸನ ಮಗಳು ಲಾವಣ್ಯ, ಸಮಗಾರ ಹರಳಯ್ಯನ ಮಗ ಶೀಲವಂತ ಇವರ ಮದುವೆ ನಡೆಯಿತೆಂಬುದು ಜನಮನದಲ್ಲಿ ಗಟ್ಟಿಯಾಗಿ ನಿಂತಿರುವ ಕಥೆ. ಪಟ್ಟಭದ್ರರು ಅರಮನೆಗೆ ಮುತ್ತಿಗೆ ಹಾಕಿದರು. ಬಿಜ್ಜಳ ಇಬ್ಬರು ತಂದೆಯರನ್ನೂ ಎಳೆಹೂಟೆಗೆ ಗುರಿಮಾಡಿದನೆಂದು ಕಥೆ ಹೇಳುತ್ತದೆ. ಭೀಮಕವಿಯ ಬಸವಪುರಾಣದ ಪರಂಪರೆಯಲ್ಲಿ ಶಿಕ್ಷೆಯ ರೂಪ ಬೇರೆ. ಅಲ್ಲಿ ಅರಸ ಇಬ್ಬರು ಶರಣರ ಕಣ್ಣು ಕೀಳಿಸುತ್ತಾನೆ. ವಿವರ ಬೇರೆಬೇರೆಯಾದರೂ ಒಂದು ಅಂಶ ಸಮಾನ. ಅಬ್ಬಲೂರಿನ ವ್ಯಾಜ್ಯದಲ್ಲಿ ಎರಡೂ ಕಡೆಯನ್ನು ಕೇಳಿದ ಅರಸ ಇಲ್ಲಿ ಕೇಳಲಿಲ್ಲ. ಕಸಿದುಕೊಂಡ ಸಿಂಹಾಸನದ ಮೇಲೆ ಕುಳಿತವನು ತನ್ನನ್ನು ಎತ್ತಿಹಿಡಿದಿದ್ದ ಬಲಿಷ್ಠ ವರ್ಗಗಳನ್ನು ಎದುರು ಹಾಕಿಕೊಳ್ಳಲಾರದೆ ಬಲಹೀನರ ಮೇಲೆ ದಂಡವನ್ನೆತ್ತಿದ.

ಅನಂತರದ ಕಥೆಯನ್ನು ಪರಂಪರೆಗಳು ಒಂದೇ ಬಾಯಿಯಿಂದ ಹೇಳುವುದಿಲ್ಲ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನ ಬಸವಪುರಾಣ, ಕನ್ನಡದಲ್ಲಿ 1369ರ ಭೀಮಕವಿಯ ಬಸವಪುರಾಣ ಮತ್ತು ಇವನ್ನು ಅನುಸರಿಸಿದ ವೀರಶೈವ ಕೃತಿಗಳಲ್ಲಿ, ಶರಣರಿಗಾದ ಅನ್ಯಾಯಕ್ಕೆ ಕೆರಳಿದ ಜಗದೇವನು ಮಲ್ಲಯ್ಯ, ಬೊಮ್ಮಯ್ಯ ಎಂಬ ಸಂಗಡಿಗರೊಡನೆ ಅರಮನೆಯನ್ನು ಹೊಕ್ಕು ಬಿಜ್ಜಳನನ್ನು ಇರಿಯುತ್ತಾನೆ. ಬಸವಣ್ಣ ಆ ಹೊತ್ತಿಗೆ ಕಲ್ಯಾಣವನ್ನು ತೊರೆದು ಕೂಡಲಸಂಗಮದ ಹಾದಿ ಹಿಡಿದಿದ್ದಾನೆ. ಜೈನ ಪರಂಪರೆಯ ಬಿಜ್ಜಳರಾಯ ಚರಿತೆಯಲ್ಲಿ ಚಿತ್ರವೇ ಬೇರೆ. ಅಲ್ಲಿ ಅರಸ ಕೊಲ್ಲಾಪುರದ ಶಿಲಾಹಾರರ ಮೇಲಿನ ದಂಡಯಾತ್ರೆಯಿಂದ ಮರಳುವಾಗ ಭೀಮಾನದಿಯ ದಡದಲ್ಲಿ ವಿಷದ ಹಣ್ಣಿನಿಂದ ಸಾಯುತ್ತಾನೆ. ಆರೋಪ ಬಸವಣ್ಣನ ಮೇಲೆಯೇ ಬೀಳುತ್ತದೆ. ಒಂದರಲ್ಲಿ ಆಯುಧ, ಇನ್ನೊಂದರಲ್ಲಿ ವಿಷ. ಒಂದರಲ್ಲಿ ಅರಮನೆ, ಇನ್ನೊಂದರಲ್ಲಿ ನದೀತೀರ. ಕಾಲದಲ್ಲಿ ಬಸವಣ್ಣನಿಗೆ ಹೆಚ್ಚು ಹತ್ತಿರದವನಾದ ಹರಿಹರನ ರಗಳೆ ಪೂರ್ಣವಾಗಿ ನಮಗೆ ದೊರೆತಿಲ್ಲ. ದೊರೆತ ಭಾಗದಲ್ಲಿ ಕಲ್ಯಾಣದ ಕೊನೆಯ ದಿನಗಳ ಕಥೆಯಿಲ್ಲ.

ಇನ್ನು ಶಾಸನಗಳ ಕಡೆ ತಿರುಗಿದರೆ, 1167–68ರ ಹೊತ್ತಿಗೆ ಬಿಜ್ಜಳ ತನ್ನ ರಾಜ್ಯವನ್ನು ಮಗ ಸೋವಿದೇವನಿಗೆ ವಹಿಸಿಕೊಟ್ಟನೆಂಬ ಉಲ್ಲೇಖ ಸಿಗುತ್ತದೆ. ಅಷ್ಟೇ. ಅನಂತರ ಸೋವಿದೇವನು ರಾಯಮುರಾರಿಯೆಂಬ ಬಿರುದಿನೊಡನೆ ಆಳತೊಡಗುತ್ತಾನೆ. ಶಾಸನಗಳು ದಾನದತ್ತಿಗಳ ಮಾತನ್ನು ಎಂದಿನಂತೆ ಮುಂದುವರಿಸುತ್ತವೆ. ಕೊಲೆಯ ಮಾತಿಲ್ಲ, ಕೊಲೆಗಾರರ ಹೆಸರಿಲ್ಲ, ಶಿಕ್ಷೆಯ ಸುದ್ದಿಯಿಲ್ಲ. ಈ ಮೌನವನ್ನೇ ಆಧಾರ ಮಾಡಿಕೊಂಡು ಕೊಲೆ ನಡೆಯಲೇ ಇಲ್ಲ, ವೃದ್ಧನಾದ ಅರಸ ಸ್ವಇಚ್ಛೆಯಿಂದ ನಿವೃತ್ತನಾದ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಆ ಸಾಧ್ಯತೆಯನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಪರಸ್ಪರ ವಿರುದ್ಧವಾದ ಎರಡು ಧರ್ಮಗಳ ಪರಂಪರೆಗಳು ಬೇರೆ ಎಲ್ಲದರಲ್ಲಿಯೂ ಜಗಳವಾಡಿ, ಅರಸನದು ಸಹಜ ಮರಣವಲ್ಲ ಎಂಬ ಒಂದರಲ್ಲಿ ಮಾತ್ರ ಒಪ್ಪುತ್ತವೆ. ಶಾಸನದ ಮೌನ ಕೊಲೆಯಾಗಲಿಲ್ಲವೆಂಬುದಕ್ಕೆ ಪುರಾವೆಯೇ, ಅಥವಾ ಕೊಲೆಯನ್ನು ಕುರಿತು ಮಾತಾಡಲು ಆಳುವವರಿಗೆ ಮನಸ್ಸಿರಲಿಲ್ಲವೆಂಬುದಕ್ಕೆ ಸಾಕ್ಷಿಯೇ? ಪರಂಪರೆಗಳು ಹೇಳುವಂತೆ ಕೊಲೆ ನಡೆದಿದ್ದರೆ, ಮಕ್ಕಳು ಸುಮ್ಮನಿರಲು ಕಾರಣಗಳೇನಿದ್ದಿರಬಹುದು?

ಮೊದಲನೆಯ ಕಾರಣ, ರಾಜಕೀಯ ಕೊಲೆಯ ವಿಚಾರಣೆ ಕತ್ತಿ ಹಿಡಿದ ಕೈಯ ಹತ್ತಿರ ನಿಲ್ಲುವುದಿಲ್ಲ. ಜಗದೇವನನ್ನು ಸಭೆಗೆ ತಂದು ಏಕೆ ಕೊಂದೆಯೆಂದು ಕೇಳಿದರೆ, ಆತ ಹರಳಯ್ಯ ಮಧುವರಸರ ಹೆಸರು ಹೇಳುತ್ತಾನೆ. ಆಗ ಸಭೆಯಲ್ಲಿ ಕುಳಿತವರು ಸತ್ತ ಅರಸನ ತೀರ್ಪನ್ನೇ ತೂಗಬೇಕಾಗುತ್ತದೆ. ಆ ಶಿಕ್ಷೆ ಯಾವ ಧರ್ಮಶಾಸ್ತ್ರದ ಪ್ರಕಾರ? ಯಾರ ಒತ್ತಾಯದಿಂದ? ಕೊಲೆಗಾರನ ವಿಚಾರಣೆಯೆಂದು ಆರಂಭವಾದುದು ಕೊಲೆಯಾದವನ ವಿಚಾರಣೆಯಾಗಿ ಮಾರ್ಪಡುತ್ತದೆ. ತಂದೆಯ ಹೆಸರಿನ ಬಲದಿಂದಲೇ ಆಳಬೇಕಾದ ಮಗ ಆ ಬಾಗಿಲನ್ನು ತೆರೆಯುವುದುಂಟೇ?

ಎರಡನೆಯದು, ಕೊಲೆಯಿಂದ ಲಾಭವಾದದ್ದು ಯಾರಿಗೆ ಎಂಬ ಪ್ರಶ್ನೆ. ಯಾವ ಕೊಲೆಯಲ್ಲಿಯೂ ಸಾಮಾನ್ಯ ಜನ ಕೇಳುವ ಮೊದಲ ಪ್ರಶ್ನೆಯೇ ಇದು. ಬಿಜ್ಜಳ ಹೋದ ಮೇಲೆ ಸಿಂಹಾಸನ ದೊರೆತದ್ದು ಶರಣರಿಗಲ್ಲ, ಜೈನರಿಗಲ್ಲ, ಅವನ ಮಗನಿಗೆ. ಸೋವಿದೇವನ ಮೇಲೆ ಆರೋಪ ಹೊರಿಸಲು ಯಾವ ಆಧಾರವೂ ಇಲ್ಲ. ಹಾಗೆ ಹೊರಿಸುವುದು ಅನ್ಯಾಯ. ಆದರೆ ನಿರಪರಾಧಿಯಾದ ಉತ್ತರಾಧಿಕಾರಿಗೂ ಆ ಪ್ರಶ್ನೆ ಸಭೆಯಲ್ಲಿ ಉದ್ಭವಿಸುವುದೇ ಅಪಾಯ. ತಂದೆ ತಾನಾಗಿ ಪಟ್ಟವನ್ನು ಒಪ್ಪಿಸಿದನೆಂಬ ಮಾತು ಶಾಸನದಲ್ಲಿ ನಿಂತರೆ ಪಟ್ಟ ನಿರ್ಮಲವಾಗಿರುತ್ತದೆ. ತಂದೆ ಕೊಲೆಯಾಗಿ ತಾನು ಪಟ್ಟವೇರಿದೆನೆಂದು ಬರೆಸಿದರೆ ಅದರಲ್ಲಿ ರಕ್ತದ ಕಲೆ ಉಳಿಯುತ್ತದೆ.

ಮೂರನೆಯದು, ಅರಸು ಮನೆತನದ ಬಲದ ಪ್ರಶ್ನೆ. ಕಾವಲುಗಾರರ ನಡುವೆ, ಅರಮನೆಯೊಳಗೆ ಚಕ್ರವರ್ತಿ ಕೊಲೆಯಾದನೆಂದು ಒಪ್ಪಿಕೊಳ್ಳುವುದೆಂದರೆ ರಾಜ್ಯಕ್ಕೆ ತನ್ನ ಒಡೆಯನನ್ನು ಕಾಯುವ ಶಕ್ತಿಯಿಲ್ಲವೆಂದು ಸಾರಿದಂತೆ. ತೈಲಪ ಸೆರೆಸಿಕ್ಕ ಸುದ್ದಿ ಹಬ್ಬಿದ್ದರಿಂದ ಚಾಲುಕ್ಯರಿಗೆ ಏನಾಯಿತೆಂಬುದನ್ನು ಕಳಚುರಿಗಳು ಕಣ್ಣಾರೆ ಕಂಡಿದ್ದರು. ಅದರ ಲಾಭವನ್ನೂ ಅವರೇ ಪಡೆದಿದ್ದರು. ಹೊಯ್ಸಳರೂ ಸೇವುಣರೂ ಕಾಯುತ್ತ ಕುಳಿತಿರುವಾಗ ತಮ್ಮ ಮನೆಯ ಬಿರುಕನ್ನು ಕಲ್ಲಿನಲ್ಲಿ ಕೆತ್ತಿಸಿ ತೋರಿಸುವಷ್ಟು ಅವಿವೇಕಿಗಳು ಅವರಾಗಿರಲಿಲ್ಲ.

ವಿಚಾರಣೆ ಇಲ್ಲದಿದ್ದುದರಿಂದ ಪ್ರತೀಕಾರವೂ ಇರಲಿಲ್ಲ ಎಂದು ಭಾವಿಸಬಾರದು. ಕಲ್ಯಾಣದ ಸೇನೆ ಶರಣರ ಬೆನ್ನಟ್ಟಿತು, ಚೆನ್ನಬಸವಣ್ಣ ಮತ್ತು ಸಂಗಡಿಗರು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ದಟ್ಟ ಕಾಡಿನ ಉಳವಿಯನ್ನು ಸೇರಿದರು ಎಂಬುದು ಶರಣ ಪರಂಪರೆಯ ನೆನಪು. ವಿಚಾರಣೆ ಅಪರಾಧಿಯನ್ನು ನಿರಪರಾಧಿಯಿಂದ ಬೇರ್ಪಡಿಸುತ್ತದೆ. ಪ್ರತೀಕಾರಕ್ಕೆ ಆ ತೊಡಕಿಲ್ಲ. ಮೂವರು ಮಾಡಿದ್ದೆಂದು ಹೇಳಲಾದ ಕೃತ್ಯಕ್ಕೆ ಒಂದು ಸಮುದಾಯವೇ ಊರು ಬಿಟ್ಟಿತು. ಕೊಲೆಯನ್ನು ಕೂಲಂಕಷವಾಗಿ ಶೋಧಿಸದ ಸರಕಾರ ಸುಮ್ಮನೆ ಕೈಕಟ್ಟಿ ಕುಳಿತಿರುತ್ತದೆಂದು ನಾವು ತಿಳಿಯುತ್ತೇವೆ. ಶೋಧಿಸದೆಯೇ ದಂಡಿಸಲು ಅದಕ್ಕೆ ಹೆಚ್ಚು ಅನುಕೂಲ ಎಂಬುದು ಕಲ್ಯಾಣದ ಕಥೆ ಕಲಿಸುವ ಕಟು ಪಾಠ.

ಮಕ್ಕಳು ಮುಚ್ಚಿಟ್ಟುದನ್ನು ಮುಂದಿನವರು ತೆರೆದರೇ? ಅದೂ ಇಲ್ಲ. ಸೋವಿದೇವನ ನಂತರ ಮಲ್ಲುಗಿ ಅಲ್ಪಕಾಲ ಆಳಿದ. ಆಮೇಲೆ ಸಂಕಮ, ಆಹವಮಲ್ಲ, ಸಿಂಘಣರು ಒಬ್ಬರ ಹಿಂದೊಬ್ಬರು ಬಂದರು. ಬಿಜ್ಜಳನ ನಂತರ ಹದಿನೇಳು ವರ್ಷ ತುಂಬುವ ಮೊದಲೇ, 1184ರ ಹೊತ್ತಿಗೆ, ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಕಲ್ಯಾಣವನ್ನು ಮರಳಿ ಪಡೆದ. ಅವನ ಪಾಲಿಗೆ ಬಿಜ್ಜಳ ತನ್ನ ಮನೆತನದ ಸಿಂಹಾಸನವನ್ನು ಕಸಿದ ದ್ರೋಹಿ. ದ್ರೋಹಿಯನ್ನು ಯಾರು ಕೊಂದರೆಂದು ಶೋಧಿಸುವ ಗರಜು ಅವನಿಗೇಕೆ? ಆಮೇಲೆ ಆ ನೆಲವನ್ನು ಹಂಚಿಕೊಂಡ ಸೇವುಣರಿಗೂ ಹೊಯ್ಸಳರಿಗೂ ಅದು ಪರರ ಮನೆಯ ಹಳೆಯ ಸುದ್ದಿ. ಹೀಗೆ ಒಂದು ಸರಕಾರಕ್ಕೆ ಸತ್ಯ ಬೇಡವಾಗಿತ್ತು, ಇನ್ನೊಂದಕ್ಕೆ ಅದರಿಂದ ಪ್ರಯೋಜನವಿರಲಿಲ್ಲ, ಮತ್ತೊಂದಕ್ಕೆ ಆಸಕ್ತಿಯೇ ಇರಲಿಲ್ಲ. ಅಷ್ಟರಲ್ಲಿ ಸಾಕ್ಷಿಗಳು ಮಣ್ಣಾಗಿದ್ದರು. ಬಸವಣ್ಣನ ಹೆಸರೇ ಸ್ಪಷ್ಟವಾಗಿ ಶಾಸನವೊಂದರಲ್ಲಿ ಕಾಣಿಸಿಕೊಳ್ಳುವುದು 1260ರ ಅರ್ಜುನವಾಡದ ಶಾಸನದಲ್ಲಿ, ಸುಮಾರು ತೊಂಬತ್ತು ವರ್ಷಗಳ ಅನಂತರ.

ಇದು ರಾಜರ ಕಾಲದ ರೀತಿ, ಪ್ರಜಾಪ್ರಭುತ್ವದಲ್ಲಿ ಹೀಗಾಗದು ಎಂದು ಸಮಾಧಾನಪಟ್ಟುಕೊಳ್ಳುವವರು ಗಾಂಧೀಜಿಯವರ ಹತ್ಯೆಯ ಪ್ರಕರಣವನ್ನು ಗಮನಿಸಬೇಕು. 1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾ ಸಭೆಯ ಬಳಿ ಬಾಂಬು ಸಿಡಿದು ಒಬ್ಬ ಸೆರೆಸಿಕ್ಕಿದ್ದ. ಹತ್ತೇ ದಿನಗಳಲ್ಲಿ, ಅದೇ ಸ್ಥಳದಲ್ಲಿ, ಗಾಂಧೀಜಿ ಗುಂಡಿಗೆ ಬಲಿಯಾದರು. ಕೆಂಪುಕೋಟೆಯಲ್ಲಿ ಮೊಕದ್ದಮೆ ನಡೆಯಿತು. 1949ರ ನವೆಂಬರ್ 15ರಂದು ಇಬ್ಬರನ್ನು ಗಲ್ಲಿಗೇರಿಸಲಾಯಿತು. ಕೊಂದವರಾರೆಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟಿತು. ಆದರೆ ಮುನ್ಸೂಚನೆ ಯಾರಿಗೆಲ್ಲ ತಿಳಿದಿತ್ತು, ಹತ್ತು ದಿನಗಳ ಅವಧಿಯಲ್ಲಿ ಪೊಲೀಸರು ಏನು ಮಾಡಿದರು ಎಂಬ ಪ್ರಶ್ನೆಗಳನ್ನು ಕೇಳಲು ವಿಚಾರಣಾ ಆಯೋಗ ನೇಮಕವಾದದ್ದು ಹದಿನೇಳು ವರ್ಷಗಳ ತರುವಾಯ, ಸಂಸತ್ತಿನಲ್ಲಿ ಗದ್ದಲವೆದ್ದ ಮೇಲೆ. ನ್ಯಾಯಮೂರ್ತಿ ಜೀವನ್‌ಲಾಲ್ ಕಪೂರ್ ಅವರ ಆಯೋಗದ ವರದಿ ಬಂದದ್ದು 1969ರಲ್ಲಿ. ಅಲ್ಲಿಯೂ ಮೊದಲ ಪ್ರಶ್ನೆ ಅಪರಾಧಿಯನ್ನು ಕುರಿತದ್ದು, ಎರಡನೆಯದು ಸರಕಾರವನ್ನೇ ಕುರಿತದ್ದು. ಮೊದಲನೆಯದಕ್ಕೆ ತ್ವರೆ, ಎರಡನೆಯದಕ್ಕೆ ವಿಳಂಬ. ಕಾಲ ಬದಲಾದರೂ ಆಳುವವರ ಅಳುಕು ಬದಲಾಗಿರಲಿಲ್ಲ.

ಸರಕಾರ ಬರೆಯದೆ ಬಿಟ್ಟ ಹಾಳೆ ಖಾಲಿಯಾಗಿ ಉಳಿಯುವುದಿಲ್ಲ. ಅದನ್ನು ಜನ ಬರೆಯುತ್ತಾರೆ. ನಮ್ಮ ಕಾರಡ್ಕದ ಆಸುಪಾಸಿನಲ್ಲಿ ಭೂತಕೋಲವನ್ನೂ ತೆಯ್ಯವನ್ನೂ ನೋಡಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿಯ ಕೈಕಾಲನ್ನು ಕಡಿಸಿದ ಅರಸನನ್ನು ಯಾವ ನ್ಯಾಯಸ್ಥಾನವೂ ಪ್ರಶ್ನಿಸಲಿಲ್ಲ. ಆ ಶಿಲ್ಪಿ ಕಲ್ಕುಡನೆಂಬ ದೈವವಾಗಿ ತಾನೇ ಪ್ರಶ್ನಿಸಿದನೆಂದು ಪಾಡ್ದನ ಹಾಡುತ್ತದೆ. ನೀಲೇಶ್ವರದ ಕಡೆ ಉಳ್ಳವರ ಕೈಯಲ್ಲಿ ಹತನಾದ ಪಾಲಂತಾಯಿ ಕಣ್ಣನ ಕಥೆ ವಿಷ್ಣುಮೂರ್ತಿ ತೆಯ್ಯದೊಡನೆ ಬೆಸೆದುಕೊಂಡು ಇಂದಿಗೂ ಉಳಿದಿದೆ. ದೈವದ ಮುಂದೆ ನಿಂತ ಊರು ವರ್ಷ ವರ್ಷವೂ ಆ ಹಳೆಯ ಅನ್ಯಾಯವನ್ನು ಕೇಳಿಸಿಕೊಳ್ಳುತ್ತದೆ. ಅದು ಜನ ತಮಗೆ ತಾವೇ ಕಟ್ಟಿಕೊಂಡ ನ್ಯಾಯಸ್ಥಾನ. ಕಲ್ಯಾಣದ ವಿಷಯದಲ್ಲಿ ಈ ಕೆಲಸವನ್ನು ಪುರಾಣಗಳು ಮಾಡಿದವು.

ಆದರೆ ಜನ ಬರೆಯುವ ಹಾಳೆಗೊಂದು ಮಿತಿಯಿದೆ. ಸಾಕ್ಷಿಗಳನ್ನು ಕೂರಿಸಿ ಕೇಳುವ ಅಧಿಕಾರ ಜನರಿಗಿಲ್ಲ. ಆದುದರಿಂದ ಪ್ರತಿಯೊಂದು ಪಂಗಡವೂ ತನಗೆ ಬೇಕಾದ ಅಪರಾಧಿಯನ್ನು ಕಂಡುಕೊಳ್ಳುತ್ತದೆ. ಶರಣ ಪರಂಪರೆಗೆ ಬಿಜ್ಜಳನೇ ಅಪರಾಧಿ, ಜಗದೇವ ವೀರ. ಜೈನ ಪರಂಪರೆಗೆ ಬಿಜ್ಜಳ ಹುತಾತ್ಮ, ಬಸವಣ್ಣ ಸಂಚುಗಾರ. ಅಹಿಂಸೆಯನ್ನೂ ದಯೆಯನ್ನೂ ಬದುಕಿನ ಮೂಲವೆಂದು ಸಾರಿದ ಮಹಾಪುರುಷನ ಮೇಲೆ ಶತಮಾನಗಳ ಕಾಲ ಕೊಲೆಯ ನೆರಳೊಂದು ಬಿದ್ದಿದ್ದರೆ, ಅದಕ್ಕೆ ಕಾವ್ಯ ಬರೆದವರಿಗಿಂತ ಹೆಚ್ಚಾಗಿ ವಿಚಾರಣೆ ನಡೆಸದ ಕಳಚುರಿ ಅರಮನೆ ಹೊಣೆ. ಸಕಾಲದಲ್ಲಿ ನಡೆದ ಒಂದು ಪ್ರಾಮಾಣಿಕ ವಿಚಾರಣೆ ನಿರಪರಾಧಿಯ ಹೆಸರನ್ನು ಉಳಿಸುತ್ತಿತ್ತು. ಕೊಲೆಯನ್ನು ಶೋಧಿಸದಿದ್ದರೆ ಅಪರಾಧಿ ತಪ್ಪಿಸಿಕೊಳ್ಳುವುದು ಒಂದು ನಷ್ಟ. ನಿರಪರಾಧಿಗೆ ಬಿಡುಗಡೆಯೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ನಷ್ಟ.

ಆ ನೆರಳಿನೊಳಗೆ ದೀಪ ಹಿಡಿದು ಹೊಕ್ಕವರು ಆಧುನಿಕ ಕನ್ನಡದ ನಾಟಕಕಾರರು. ಪಿ. ಲಂಕೇಶರ ಸಂಕ್ರಾಂತಿ, ಎಚ್. ಎಸ್. ಶಿವಪ್ರಕಾಶರ ಮಹಾಚೈತ್ರ, ಗಿರೀಶ ಕಾರ್ನಾಡರ ತಲೆದಂಡ, ಎಂ. ಎಂ. ಕಲಬುರ್ಗಿಯವರ ಕೆಟ್ಟಿತ್ತು ಕಲ್ಯಾಣ ಇವೆಲ್ಲ ಬಿಜ್ಜಳನ ಅರಮನೆಯ ಬಾಗಿಲನ್ನು ಮತ್ತೆ ತಟ್ಟಿದ ಕೃತಿಗಳು. ಇವುಗಳಲ್ಲಿ ಬಿಜ್ಜಳ ಬರಿಯ ದುಷ್ಟನಾಗಿ ಉಳಿಯದೆ, ಸಿಂಹಾಸನ ಮತ್ತು ಸ್ನೇಹಗಳ ನಡುವೆ ಸಿಕ್ಕಿಬಿದ್ದ ಮನುಷ್ಯನಾಗಿ ಕಾಣಿಸಿಕೊಂಡ. ಕಲಬುರ್ಗಿಯವರು ನಾಟಕದ ಜೊತೆಗೆ ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಬೆದಕಿ ಆ ಯುಗದ ಸತ್ಯವನ್ನು ಜೀವಮಾನವಿಡೀ ಹುಡುಕಿದವರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಅವರೇ ಗುಂಡಿಗೆ ಬಲಿಯಾದರು. ಅವರ ಪತ್ನಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋಗಬೇಕಾಯಿತು. ಆರೋಪಪಟ್ಟಿ ಸಲ್ಲಿಕೆಯಾದಾಗ 2019 ನಡೆಯುತ್ತಿತ್ತು. ಹಳೆಯ ಕೊಲೆಯೊಂದರ ಮೌನವನ್ನು ಓದಿದ ವಿದ್ವಾಂಸನ ಕೊಲೆಗೂ ಉತ್ತರಕ್ಕಾಗಿ ಕಾಯಬೇಕಾಗಿ ಬಂತು.

ಬಿಜ್ಜಳನ ಜೀವನವನ್ನು ಹೀಗೆ ಒಟ್ಟಾಗಿ ನೋಡಿದಾಗ ಅದರಲ್ಲೊಂದು ಸೂತ್ರ ಗೋಚರಿಸುತ್ತದೆ. ರಾಮಯ್ಯನ ವ್ಯಾಜ್ಯದಲ್ಲಿ ಆತ ವಿಚಾರಿಸಿದ. ಆಳ್ವಿಕೆಗೆ ಕೀರ್ತಿ ಬಂತು. ಭಂಡಾರದ ದೂರಿನಲ್ಲಿ ವಿಚಾರಿಸಿದ. ಒಬ್ಬ ಮಹಾನುಭಾವನ ಸ್ನೇಹ ಉಳಿಯಿತು. ಹರಳಯ್ಯ ಮಧುವರಸರ ವಿಷಯದಲ್ಲಿ ವಿಚಾರಿಸದೆ ದಂಡಿಸಿದ. ಸ್ನೇಹವೂ ಹೋಯಿತು, ಪ್ರಾಣವೂ ಹೋಯಿತೆನ್ನುತ್ತದೆ ಪರಂಪರೆ. ಅವನ ಸಾವನ್ನು ಮಕ್ಕಳು ವಿಚಾರಿಸಲಿಲ್ಲ. ಉಳಿಸಿಕೊಳ್ಳಲೆಂದು ಮೌನ ವಹಿಸಿದ ರಾಜ್ಯವೂ ಎರಡು ದಶಕ ಬಾಳಲಿಲ್ಲ.

ವಿದ್ಯಾರ್ಥಿಗಳು ಶಾಸನವನ್ನು ಓದುವಾಗ ಅದು ಏನು ಹೇಳುತ್ತದೆಂಬುದನ್ನು ಕಲಿಯುತ್ತಾರೆ. ಬರೆಸಿದವನು ಯಾರು, ಬರೆಸದೆ ಬಿಟ್ಟುದೇನು, ಬಿಟ್ಟುದರಿಂದ ಯಾರಿಗೆ ಅನುಕೂಲವಾಯಿತು ಎಂಬ ಪ್ರಶ್ನೆಗಳನ್ನೂ ಜೊತೆಗಿಟ್ಟುಕೊಳ್ಳಬೇಕು. ಪುರಾಣವನ್ನು ಓದುವಾಗ ಈ ಕವಿ ಯಾರ ಪರವಾಗಿ ಸಾಕ್ಷಿ ನುಡಿಯುತ್ತಿದ್ದಾನೆಂದು ಕೇಳಬೇಕು. ಶಾಸನ ಮತ್ತು ಪುರಾಣ ಎರಡನ್ನೂ ಎದುರುಬದುರಾಗಿ ಕೂರಿಸಿ ಕೇಳಿದರೆ, ಎಂಟೂವರೆ ಶತಮಾನಗಳ ಹಿಂದೆ ಕಲ್ಯಾಣದಲ್ಲಿ ನಡೆಯದೆ ಉಳಿದ ವಿಚಾರಣೆಯ ಒಂದು ಅಂಶವಾದರೂ ನಮ್ಮ ತರಗತಿಯ ಕೊಠಡಿಯಲ್ಲಿ ನಡೆದೀತು.